ನಾಕೇದಾರನ ಬಾಟಲಿ

ಹೋದ ವಾರ ಮುರುಮದ ನಾದಿನಿ ಬಸ್ ಕಂಡಕ್ಟರನ ಕೈಯಲ್ಲಿ ಒಂದು ಡಬ್ಬಿ ಕಾಕಂಬಿ ಕಳಿಸಿದ್ದಳು. ಬೆಲ್ಲ ಗಟ್ಟಿಯಾಗುವ ಮೊದಲೇ ಕೊಪ್ಪರಿಗೆಯಿಂದ ತೆಗೆದ ಕಬ್ಬಿನ ಪಾಕ. ಬಿಸಿ ರೊಟ್ಟಿಯ ಮೇಲೆ ಸುರಿದುಕೊಂಡು ತಿನ್ನುವವರಿಗೆ ಅದರ ಮುಂದೆ ಹೋಳಿಗೆಯೂ ಸಪ್ಪೆ. ಡಬ್ಬಿ ನಿಲಂಗಾದ ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ದಿನ ಬಿಸಿಲಿಗೆ ಬಿದ್ದಿತ್ತೋ ಏನೋ, ಮುಚ್ಚಳ ತಿರುಗಿಸಿದ ಕೂಡಲೇ ಬುಸ್ಸೆಂದು ನೊರೆ ಬಂತು, ಅದರ ಹಿಂದೆಯೇ ಹುಳಿ ವಾಸನೆ. ನಾನು ಹಿಂದೆಮುಂದೆ ನೋಡದೆ ಇಡೀ ಡಬ್ಬಿಯನ್ನು ಹಿತ್ತಲ ಮೋರಿಗೆ ಸುರಿದುಬಿಟ್ಟೆ. "ಹುಚ್ಚ ಹಿಡದದೇನ ನಿನಗ? ಕುದಿಸಿದ್ರ ಸರಿ ಆಗ್ತಿತ್ತಲ್ಲ" ಎಂದರು ಮನೆಯವರು. ಮೂರು ಸಲ ಕೈ ತೊಳೆದರೂ ವಾಸನೆ ಹೋಗಲಿಲ್ಲ...

ಆ ವಾಸನೆ ಬಂದರೆ ನನಗೆ ಸಿಟ್ಟು ಬರುತ್ತದೆ. ಮೊದಲು ನನ್ನ ಮೇಲೆ, ಆಮೇಲೆ ಪಕ್ಕದ ಮನೆಯ ಸಿಸ್ಟರ್ ಬಾಯಿಯ ಮೇಲೆ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅಂತಾರೆ. ಅವರು ಬದುಕಿದ್ದಾಗ ಎರಡು ವರ್ಷ ಇಟ್ಟುಕೊಂಡಿದ್ದು ಸಾಲದೆ ಈಗಲೂ ಇಟ್ಟುಕೊಂಡಿದ್ದೇನೆ, ಏನು ಮಾಡಲಿ.

ಸಿಸ್ಟರ್ ಬಾಯಿ ಶಿರೂರ ಅನಂತಪಾಳದ ಹತ್ತಿರದ ಹಳ್ಳಿಯ ಒಕ್ಕಲುತನದ ಮನೆಯವರು. ಮದುವೆ ಮಾಡಿಕೊಳ್ಳಲಿಲ್ಲ. ಆಯುಷ್ಯವೆಲ್ಲ ಸರಕಾರಿ ದವಾಖಾನೆಗಳಲ್ಲಿ ನರ್ಸ್ ಆಗಿ ದುಡಿದು, ರಿಟೈರ್ ಆದ ಮೇಲೆ ನಮ್ಮ ಓಣಿಯಲ್ಲಿ ಎರಡು ಕೋಣೆಯ ಮನೆ ಕಟ್ಟಿಸಿಕೊಂಡರು. ಅವರನ್ನು ಯಾರೂ ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ಓಣಿಯ ಅರ್ಧ ಮಕ್ಕಳು ಅವರ ಕೈಯಲ್ಲೇ ಹುಟ್ಟಿದ್ದವು, ಹಾಗಾಗಿ ಅರ್ಧ ಓಣಿಗೆ ಬೈಯುವ ಹಕ್ಕು ತಮಗಿದೆ ಎಂದು ಅವರು ತಿಳಿದಿದ್ದರು. ಉಳಿದರ್ಧಕ್ಕೆ ಹಕ್ಕಿಲ್ಲದೆಯೇ ಬೈಯುತ್ತಿದ್ದರು. ನಾನು ಭಾಲ್ಕಿ ಕಡೆಯಿಂದ ಗಡಿ ದಾಟಿ ಈ ಮರಾಠಿ ಊರಿಗೆ ಬಂದ ಸೊಸೆ. ಮನೆಯೊಳಗೆ ಕನ್ನಡ ಇದ್ದರೂ ಹೊಸ್ತಿಲು ದಾಟಿದರೆ ಮರಾಠಿ, ಬಜಾರದಲ್ಲಿ ನನ್ನ ಮರಾಠಿ ಕೇಳಿ ಅಂಗಡಿಯವರು ಮುಸಿಮುಸಿ ನಗುತ್ತಿದ್ದರು. ಪಕ್ಕದಲ್ಲೊಬ್ಬರು ಕನ್ನಡದಲ್ಲಿ ಬೈಯುವವರು ಬಂದರಲ್ಲ ಎಂದು ನನಗೆ ತವರಿನವರೇ ಬಂದಷ್ಟು ಸಮಾಧಾನವಾಗಿತ್ತು. "ಏ ಪೋರಿ, ಹಸಿ ತಲಿ ಬಿಟ್ಕೊಂಡು ಬಿಸಲಾಗ ಯಾಕ ನಿಂತೀ? ನೆಗಡಿ ಬಂತಂದ್ರ ನನ್ನ ಬಾಗಲಿಗಿ ಬರಬ್ಯಾಡ" ಎನ್ನುವರು. ನೆಗಡಿ ಬಂದರೆ ಅವರೇ ನಮ್ಮ ಹಿಂದಿನ ಬಾಗಿಲಿನಿಂದ, ಕೂಗದೆ ಕರೆಯದೆ, ಕಷಾಯದ ಲೋಟ ಹಿಡಿದು ಒಳಗೆ ಬರುವರು.

ನಮ್ಮ ಓಣಿಯಲ್ಲಿ ಒಂದು ಪದ್ಧತಿ ಇದೆ. ಬೇರೆ ಊರುಗಳಲ್ಲೂ ಇರಬಹುದು, ಆದರೆ ನಮ್ಮಲ್ಲಿ ಅದಕ್ಕೆ ನಾಚಿಕೆ ಇಲ್ಲ. ಬೆಳಕು ಹರಿಯುವ ಮೊದಲು ಹಿರಿಯರು ಒಂದು ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಇನ್ನೊಂದರಲ್ಲಿ ತುದಿಗೆ ಕೊಕ್ಕೆ ಕಟ್ಟಿದ ಕೋಲು ಹಿಡಿದು ಹೊರಡುತ್ತಾರೆ. ಲಿಂಗಪೂಜೆಗೆ ಹೂವು ಬೇಕು. ತಮ್ಮ ಅಂಗಳದ್ದಲ್ಲ, ಮಂದಿಯ ಕಂಪೌಂಡಿನದು. ಕೇಳಿದರೆ, ದೇವರಿಗೆ ಒಯ್ದದ್ದಕ್ಕೆ ಕಳವು ಅನ್ನಬಾರದು ಎನ್ನುತ್ತಾರೆ. ಸಿಸ್ಟರ್ ಬಾಯಿಯ ಅಂಗಳದಲ್ಲಿ ಎರಡು ದಾಸವಾಳ, ಒಂದು ದಾಳಿಂಬೆ ಇದ್ದವು. ಅವರು ಏಳುವ ಹೊತ್ತಿಗೆ ಮೂರೂ ಬೋಳು. ಈ ಕೋಲಿನ ಪಡೆಯ ಸರದಾರರು ಬೇರೆ ಯಾರೂ ಅಲ್ಲ, ನಮ್ಮ ಮಾವನವರು.

ಒಂದು ಮುಂಜಾನೆ ಬಾಯಿ ಗಿಡದ ಬುಡದಲ್ಲಿ ಸ್ಟೂಲ್ ಹಾಕಿಕೊಂಡು ಕಾದು ಕುಳಿತರು. ಕೊಕ್ಕೆ ಕಂಪೌಂಡಿನೊಳಗೆ ಇಳಿಯಿತು. ಅದನ್ನು ಗಟ್ಟಿಯಾಗಿ ಹಿಡಿದುಕೊಂಡೇ ಅವರು ಮಾತಾಡಿದ್ದು. "ಅಣ್ಣಾರ, ದೇವರು ಮೊಗ್ಗೂ ಬೇಡ್ಯಾನೇನ್ರಿ? ಅರಳಲಾರದ್ದೂ ಹರಕೊಂಡು ಹೊಂಟೀರಿ. ಹೂವಿನ ಜೇನು ಕುಡಿಯೂ ಆ ಹಕ್ಕಿ ಹೊತ್ತು ಹೊಂಟ ಮ್ಯಾಲ ಬಂದು ಏನು ಕುಡೀಬೇಕು, ನಿಮ್ಮ ಪಾದೋದಕಾ?" ಜೀವಮಾನದಲ್ಲಿ ಯಾರಿಂದಲೂ ಒಂದು ಮಾತು ಕೇಳದ ನಮ್ಮ ಮಾವನವರು ಕೋಲನ್ನು ಅಲ್ಲೇ ಬಿಟ್ಟು ಬಂದರು. ಒಂದು ವರ್ಷ ಅವರೊಂದಿಗೆ ಮಾತು ಬಿಟ್ಟರು. ಹೂವು ಬಿಡಲಿಲ್ಲ, ಮಗ್ಗುಲ ಓಣಿಗೆ ಹೋಗಿ ಹೊಸ ಕೋಲಿನಿಂದ ಹರಿಯತೊಡಗಿದರು.

ಮಾವನವರು ಬಿಟ್ಟರೇನು, ಉಳಿದವರು ಬಿಡಬೇಕಲ್ಲ. ಬಾಯಿಗೆ ದಿನಾ ನಸುಕಿನಲ್ಲಿ ಕಾವಲು ಕೂಡ್ರುವುದು ಆಗಲಿಲ್ಲ. ಆಗ ಅವರು ಬಾಟಲಿ ಕಟ್ಟಿದರು.

ಸಲೈನಿನ ಖಾಲಿ ಬಾಟಲಿ. ಅದನ್ನು ಕುದಿಯುವ ನೀರಿನಲ್ಲಿ ತೊಳೆದು, ಕಾಯಿಸಿದ ಸೂಜಿಯಿಂದ ಕೆಳಗೆ ಎರಡು ತೂತು ಮಾಡಿ, ತೂತಿನ ಸುತ್ತ ಕೆಂಪು ಟೇಪು ಸುತ್ತಿ, ಹಕ್ಕಿ ಕೂಡಲು ತೊಗರಿ ಕಟ್ಟಿಗೆಯ ಒಂದು ಕಡ್ಡಿ ಬಿಗಿದು, ದಾಳಿಂಬೆ ಗಿಡಕ್ಕೆ ತೂಗುಹಾಕಿದರು. ಒಳಗೆ ಸಕ್ಕರೆ ನೀರು. ಒಂದು ಪಾಲು ಸಕ್ಕರೆಗೆ ನಾಲ್ಕು ಪಾಲು ನೀರು, ಕುದಿಸಿ ಆರಿಸಿದ್ದು, ಬೇಸಿಗೆಯಲ್ಲಿ ದಿನಾ ಬದಲಿ. ಇಂಜೆಕ್ಷನ್ ಕೊಟ್ಟ ಕೈ, ಒಂದು ಹನಿ ಹೆಚ್ಚುಕಡಿಮೆ ಆಗುತ್ತಿರಲಿಲ್ಲ. ಮೂರನೇ ದಿನಕ್ಕೆ ಹಕ್ಕಿ ಬಂತು. ಪುಸ್ತಕದಲ್ಲಿ ಅದಕ್ಕೆ ಸೂರಕ್ಕಿ ಎನ್ನುತ್ತಾರಂತೆ, ನಮ್ಮ ಓಣಿಯಲ್ಲಿ ಹೆಸರೇ ಇರಲಿಲ್ಲ, ಕರಿ ಗುಬ್ಬಿ ಅನ್ನುತ್ತಿದ್ದರು. ಹೆಬ್ಬೆರಳಿನಷ್ಟು ಮೈ, ಬಾಗಿದ ಕೊಕ್ಕು. ದೂರದಿಂದ ಕಾಡಿಗೆ ಕಪ್ಪು. ಬಿಸಿಲು ಬಿದ್ದರೆ ನೀಲಿ, ನೇರಳೆ, ನವಿಲಿನ ಕತ್ತಿನ ಬಣ್ಣ. ಹೆಣ್ಣು ಪಾಪ, ಮಾಸಿದ ಹಳದಿ.

ಮೊದಲ ವಾರ ನಾಲ್ಕೈದು ಬಂದವು. ಎರಡನೇ ವಾರಕ್ಕೆ ಒಂದೇ ಗಂಡು ಉಳಿಯಿತು. ಬಾಟಲಿ ತನ್ನಪ್ಪನದು ಎಂದುಕೊಂಡುಬಿಟ್ಟಿತ್ತು. ಬಟ್ಟೆ ಒಣಗಿಸುವ ತಂತಿಗೆ ಗಂಟು ಹಾಕಿದ ಜಾಗದಲ್ಲಿ ಕುಳಿತು ದಿನವೆಲ್ಲ ಕಾಯುವುದು, ಬೇರೆ ಯಾವ ಹಕ್ಕಿ ಬಂದರೂ ಬಾಣದಂತೆ ಹೋಗಿ ಹೊಡೆಯುವುದು. ತನ್ನ ಮೂರು ಪಟ್ಟು ಇರುವ ಪಿಕಳಾರವನ್ನೂ ಬೇವಿನ ಮರದವರೆಗೆ ಅಟ್ಟಿಕೊಂಡು ಹೋಗುತ್ತಿತ್ತು. ತಾನು ಕುಡಿಯುವುದು ನಾಲ್ಕು ಗುಟುಕು, ಕಾಯುವುದು ಇಡೀ ಬಾಟಲಿ. ಉಮರಗಾದ ಆಚೆ ಗಡಿಯ ನಾಕಾದಲ್ಲಿ ಲಾರಿಗಳನ್ನು ತಡೆದು ನಿಲ್ಲಿಸುವ ಮನುಷ್ಯ ಇರುತ್ತಾನಲ್ಲ, ಥೇಟ್ ಅವನೇ. ಬಾಯಿ ಅದಕ್ಕೆ ನಾಕೇದಾರ ಎಂದು ಹೆಸರಿಟ್ಟರು. "ನೋಡು ನೋಡು, ನಾಕೇದಾರ ಡ್ಯೂಟಿಗಿ ಬಂದಾನ" ಎನ್ನುವರು. ನಮ್ಮ ಮನೆಯವರ ಮೋಟರ್‌ಸೈಕಲ್ಲಿನ ಕನ್ನಡಿಯಲ್ಲಿ ತನ್ನನ್ನೇ ಕಂಡು, ಬೇರೊಬ್ಬ ಬಂದಿದ್ದಾನೆಂದು ಒಂದು ಮಧ್ಯಾಹ್ನವೆಲ್ಲ ಕುಟ್ಟಿಕೊಂಡಿತ್ತು ಅದು. ಬಾಯಿಯೇ ಬಂದು ಕನ್ನಡಿಗೆ ಹಳೆಯ ಕಾಲುಚೀಲ ತೊಡಿಸಿ ಹೋದರು.

ನನಗೆ ಆ ಹಕ್ಕಿಯ ಮೇಲೆ ಸಿಟ್ಟಿತ್ತು. ಇಷ್ಟು ಸಣ್ಣ ಜೀವಕ್ಕೆ ಇಷ್ಟು ಸೊಕ್ಕೇಕೆ, ಹೆಣ್ಣು ಹಕ್ಕಿಗಳು ಉಪವಾಸ ಬೀಳುತ್ತವೆ, ಬಾಟಲಿ ತೆಗೆದುಬಿಡಿ ಎಂದೆ. ಬಾಯಿ ನಕ್ಕರು. "ನಿನಗೇನ ತಿಳೀತದ. ಅಂವಾ ಕಣ್ಣಿಗಿ ಕಂಡದ್ದಷ್ಟೇ ಕಾಯ್ತಾನ." ಎಂದು ಹೇಳಿ ಇನ್ನೊಂದು ಬಾಟಲಿ ಮಾಡಿದರು. ನಮ್ಮ ಬಚ್ಚಲಿನ ಹಿಂದಿನ ಗೋಡೆಗೆ, ತಂತಿಯ ಮೇಲೆ ಕುಳಿತರೆ ಕಾಣದ ಮಗ್ಗುಲಿಗೆ, ಮೊಳೆ ಹೊಡೆದು ಕಟ್ಟಿದರು. ಎರಡು ದಿನಕ್ಕೆ ಹೆಣ್ಣುಗಳೆಲ್ಲ ಅಲ್ಲಿಗೆ ಬರತೊಡಗಿದವು. ಅದು ಬಾಣಂತಿ ಬಾಟಲಿ ಎಂದಾಯಿತು. ಮುಂದೆ ನಾಕೇದಾರ ಮೀಸೆ ತಿರುವುತ್ತ ಕೂತಿರುವನು, ಹಿಂದೆ ಬಾಣಂತಿಯರು ಸುಖವಾಗಿ ಕುಡಿದು ಹೋಗುವರು. ಹೆರಿಗೆ ವಾರ್ಡಿನಲ್ಲಿ ಅತ್ತೆಯರ ಕಣ್ಣು ತಪ್ಪಿಸಿ ಸೊಸೆಯರಿಗೆ ಗಂಜಿ ಕುಡಿಸಿದ ಹೆಂಗಸಿಗೆ ಇದೇನು ದೊಡ್ಡ ಮಾತು.

ಆ ಹಕ್ಕಿಯ ಒಂದು ವಿಷಯ ಬಾಯಿ ಆಗಾಗ ಹೇಳುತ್ತಿದ್ದರು. ಅದಕ್ಕೆ ತಡೆಯಲಾರದ ಸಿಟ್ಟು ಬಂದಾಗ ರೆಕ್ಕೆ ಎತ್ತುತ್ತದಂತೆ, ಆಗ ಕಂಕುಳಲ್ಲಿ ಬೆಂಕಿಯ ಬಣ್ಣದ ಸಣ್ಣ ಪುಕ್ಕದ ಗೊಂಚಲು ಕಾಣುತ್ತದಂತೆ. ಅವರು ಒಂದೇ ಒಂದು ಸಲ ನೋಡಿದ್ದರು. "ಮೈಯೆಲ್ಲಾ ಕರಿ, ಕಂಕಳದಾಗ ಕೇಸರಿ. ಒಳಗ ಮುಚ್ಚಿ ಇಟ್ಕೊಂಡಾನ ಕಳ್ಳ" ಎನ್ನುವರು. ಮತ್ತೆ ನೋಡಬೇಕೆಂದು ಗಂಟೆಗಟ್ಟಲೆ ಕುಳಿತರು. ಆದರೆ ಅಷ್ಟರಲ್ಲಿ ಅವರ ಕಣ್ಣಿಗೆ ಮೋತಿಬಿಂದುವಿನ ಪೊರೆ ಬಂತು. ಹಕ್ಕಿ ಹಾರಿದರೆ ಮಸಿ ಮೆತ್ತಿದಂತೆ ಕಾಣುತ್ತದೆ ಎಂದರು. ಆಮೇಲಾಮೇಲೆ ಅವರು ಜಗಳದ ಸದ್ದಿನಿಂದಲೇ ನಾಕೇದಾರನನ್ನು ಗುರುತು ಹಿಡಿಯುತ್ತಿದ್ದರು. ಆ ಚೀಚೀಚೀ ಸದ್ದು ಕೇಳಿದರೆ ಹಿಡಿದ ಕೆಲಸ ಬಿಟ್ಟು ಬಾಗಿಲಿಗೆ ಬರುವರು, ಕಣ್ಣು ಕಿರಿದು ಮಾಡಿ ನೋಡುವರು, ಏನೂ ಕಾಣದೆ ಒಳಗೆ ಹೋಗುವರು. ಮಂದಿ ಮೋತಿಬಿಂದು ತೆಗೆಸುವುದು ಪೋಥಿ ಓದಲಿಕ್ಕೆ, ಟೀವಿ ನೋಡಲಿಕ್ಕೆ. ಇವರು ಉದಗೀರಕ್ಕೆ ಆಪರೇಶನ್ನಿಗೆ ಹೊರಟದ್ದು ಒಂದು ಹಕ್ಕಿಯ ಕಂಕುಳು ನೋಡಲಿಕ್ಕೆ. ಹೊರಡುವ ಮುಂಜಾನೆ ಅವರೇ ನನಗೆ ಹಾಗೆಂದು ಹೇಳಿದರು. ತಮಾಷೆಯಾಗಿಯೇ ಹೇಳಿದರು, ಆದರೆ ತಮಾಷೆ ಆಗಿರಲಿಲ್ಲ.

ಒಬ್ಬರೇ ಇರುವವರು, ಆಪರೇಶನ್ ಆದ ಮೇಲೆ ಒಲೆಯ ಮುಂದೆ ಕೂಡ್ರಬಾರದು ಎಂದು ಉದಗೀರದಲ್ಲೇ ಹಳೆಯ ಜೊತೆಗಾತಿ ನರ್ಸ್ ಒಬ್ಬರ ಮನೆಯಲ್ಲಿ ಹತ್ತು ದಿನ ಉಳಿಯುವುದೆಂದು ಠರಾವಾಯಿತು. ಬಾಟಲಿಗಳನ್ನು ನನಗೆ ಒಪ್ಪಿಸಿದರು. ಸಕ್ಕರೆಯನ್ನೂ ಅವರೇ ಅಳೆದು ಕಾಗದದಲ್ಲಿ ಕಟ್ಟಿದ್ದರು, ದವಾಖಾನೆಯ ಪುಡಿಯಂತೆ, ದಿನಕ್ಕೊಂದರಂತೆ ಹತ್ತು ಪೊಟ್ಟಣ. "ನಿನ್ನ ಶಾಣ್ಯಾತನ ನಡೀಸಬ್ಯಾಡ. ಪುಡಿ ಹಾಕು, ನೀರು ಕುದಿಸು, ಆರಿಸು, ತುಂಬು. ಅಷ್ಟೇ" ಎಂದರು. ನನ್ನನ್ನು ಎಷ್ಟು ಬಲ್ಲವರಾಗಿದ್ದರು ನೋಡಿ.

ನಾನು ಆ ವರ್ಷ ಬಹಳ ಶಾಣ್ಯಾಳಾಗಿದ್ದೆ. ಕೈಯಲ್ಲಿ ಹೊಸ ಮೊಬೈಲು, ದಿನಾ ಬೆಳಗಾದರೆ ವಾಟ್ಸಾಪಿನಲ್ಲಿ ಬಿಳಿ ಸಕ್ಕರೆ ವಿಷ, ಬಿಳಿ ಸಕ್ಕರೆ ಎಲುಬು ಕರಗಿಸುತ್ತದೆ, ಬಿಳಿ ಸಕ್ಕರೆಯಲ್ಲಿ ಕೆಮಿಕಲ್ಲು. ನಾನು ಮನೆಯವರ ಚಹಾಕ್ಕೂ ಬೆಲ್ಲ ಹಾಕಿ ಅವರ ಬಾಯಿ ಕೆಡಿಸಿದ್ದೆ. ಎರಡು ದಿನ ಪೊಟ್ಟಣದ ಸಕ್ಕರೆ ಹಾಕಿದೆ. ಮೂರನೇ ದಿನ ಮುರುಮದಿಂದ ತಂದ ಕಾಕಂಬಿಯ ಡಬ್ಬಿ ಕಣ್ಣಿಗೆ ಬಿತ್ತು. ಪಾಪ ಆ ಹಕ್ಕಿಗೇಕೆ ವಿಷ ಹಾಕಲಿ, ಶುದ್ಧ ಕಬ್ಬಿನ ಪಾಕ ಇರುವಾಗ ಎಂದುಕೊಂಡೆ. ಅರ್ಧ ಕಾಕಂಬಿ, ಅರ್ಧ ನೀರು, ಗಟ್ಟಿಯಾಗಿದ್ದರೆ ಶಕ್ತಿ ಹೆಚ್ಚು ಎಂದು ತುಂಬಿಬಿಟ್ಟೆ. ಮುಂದಿನ ಬಾಟಲಿಗೆ ಮಾತ್ರ. ಹಿಂದಿನ ಬಾಣಂತಿ ಬಾಟಲಿಗೆ ನಾಳೆ ಹಾಕಿದರಾಯಿತು ಎಂದು ಬಿಟ್ಟೆ, ಮರುದಿನ ಮರೆತೆ, ಅದರ ಮರುದಿನವೂ ಮರೆತೆ. ಅದು ಖಾಲಿಯಾಗಿ ತೂಗಾಡುತ್ತಿತ್ತು. ಮುಂದಿನದರಲ್ಲಿ ಪಾಕ ಇನ್ನೂ ಉಳಿದಿದೆಯಲ್ಲ ಎಂದು ಅದನ್ನೂ ಬದಲಿಸಲಿಲ್ಲ. ಏಪ್ರಿಲ್ ಬಿಸಿಲು. ನಾಲ್ಕು ದಿನ ಆ ಕಾಕಂಬಿ ಅಲ್ಲಿ ಹುಳಿ ಬಂದು ನೊರೆ ಕಟ್ಟುತ್ತಿತ್ತು, ನಾಕೇದಾರ ಅದನ್ನು ಕಾಯುತ್ತಿದ್ದ. ಒಂದು ಹೆಣ್ಣನ್ನೂ ಹತ್ತಿರ ಬಿಡಲಿಲ್ಲ. ಎಲ್ಲವನ್ನೂ ಹೊಡೆದು ಓಡಿಸಿ ಅವನೊಬ್ಬನೇ ಕುಡಿದ.

ಏಳನೇ ದಿನ ಮುಂಜಾನೆ ತಂತಿಯ ಕೆಳಗೆ ಬಿದ್ದಿದ್ದ. ಇರುವೆ ಮುತ್ತಿದ್ದವು. ಕೊಕ್ಕಿನ ಬುಡದಲ್ಲಿ ಕಪ್ಪಗೆ ಅಂಟು. ಕಾಕಂಬಿಯಿಂದಲೇ ಸತ್ತಿತೆಂದು ನನಗೆ ಯಾವ ಡಾಕ್ಟರೂ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ನನ್ನ ಮರೆವಿನಿಂದ ಹೆಣ್ಣುಗಳು ಉಳಿದವು, ನನ್ನ ಕಾಳಜಿಯಿಂದ ಅದು ಸತ್ತಿತು. ಎರಡು ಬೆರಳಿನಲ್ಲಿ ಎತ್ತಿಕೊಂಡೆ. ತೂಕವೇ ಇರಲಿಲ್ಲ. ಒಂದು ರೆಕ್ಕೆ ಜೋತು ಬಿದ್ದು ತೆರೆದುಕೊಂಡಿತು, ಕಂಕುಳಲ್ಲಿ ಆ ಪುಕ್ಕ ಕಂಡಿತು. ಕೇಸರಿ, ಅಂಚಿನಲ್ಲಿ ಹಳದಿ, ಒಂದು ಚೂರೂ ಮಾಸಿರಲಿಲ್ಲ... ಅದನ್ನು ನೋಡಬೇಕಾದವರು ಉದಗೀರದಲ್ಲಿ ಕಣ್ಣಿಗೆ ಹಸಿರು ಬಟ್ಟೆ ಇಳಿಬಿಟ್ಟುಕೊಂಡು ಕುಳಿತಿದ್ದರು. ನೋಡಿದವಳು ನಾನು.

ಮಣ್ಣಾದರೂ ಮಾಡಬೇಕಿತ್ತು, ದಾಳಿಂಬೆ ಗಿಡದ ಬುಡ ಅಲ್ಲೇ ಇತ್ತು. ಅದೇ ಹೊತ್ತಿಗೆ ಓಣಿಯ ತಿರುವಿನಲ್ಲಿ ಕಸದ ಘಂಟಾಗಾಡಿಯ ಹಾಡು ಕೇಳಿಸಿತು. ಹಕ್ಕಿಯನ್ನು ಹಳೆ ಪೇಪರಿನಲ್ಲಿ ಸುತ್ತಿ, ಕಾಯಿಪಲ್ಯದ ಸಿಪ್ಪೆಯ ಜೊತೆ ಗಾಡಿಗೆ ಹಾಕಿಬಿಟ್ಟೆ. ಬಾಟಲಿಯನ್ನು ಸೋಡಾ ಹಾಕಿ ತಿಕ್ಕಿ ತೊಳೆದು, ಸಕ್ಕರೆ ನೀರು ತುಂಬಿ ಮತ್ತೆ ಗಿಡಕ್ಕೆ ಕಟ್ಟಿದೆ. ಉಳಿದ ಎಂಟು ಪೊಟ್ಟಣಗಳ ಸಕ್ಕರೆಯನ್ನು ನನ್ನ ಸಕ್ಕರೆ ಡಬ್ಬಿಗೆ ಸುರಿದು ಕಾಗದ ಒಲೆಗೆ ಹಾಕಿದೆ. ಕೋರ್ಟಿನ ಮುಂದೆ ಟೈಪ್ ಮಾಡುವವರ ಸಾಲಿನಲ್ಲಿ ಹತ್ತು ವರ್ಷ ಕುಳಿತವಳು ನಾನು, ಸಾಕ್ಷಿ ಹೇಗೆ ಅಳಿಸುವುದೆಂದು ಯಾರೂ ಕಲಿಸಬೇಕಾಗಿರಲಿಲ್ಲ.

ಹತ್ತನೇ ದಿನ ಬಾಯಿ ಕರಿ ಕನ್ನಡಕ ಹಾಕಿಕೊಂಡು ಆಟೋದಿಂದ ಇಳಿದರು. ಚೀಲ ಒಳಗೆ ಇಡುವ ಮೊದಲೇ ಕುರ್ಚಿ ಎಳೆದುಕೊಂಡು ಅಂಗಳದಲ್ಲಿ ಕುಳಿತರು. ಕಾವಲಿನವನು ಹೋದ ಮೇಲೆ ಮುಂದಿನ ಬಾಟಲಿಗೆ ಯಾರ ಭಯವೂ ಇರಲಿಲ್ಲ. ಹೆಣ್ಣುಗಳು ಮೂರು ಒಟ್ಟಿಗೇ ಕುಳಿತು ಕುಡಿಯುತ್ತಿದ್ದವು, ಒಂದು ಮರಿಯೂ ಇತ್ತು. ಜಗಳವಿಲ್ಲ, ಸದ್ದಿಲ್ಲ. ಬಾಯಿ ತಂತಿಯ ಗಂಟಿನ ಕಡೆ ನೋಡಿದರು. ಮತ್ತೆ ಬಾಟಲಿಯ ಕಡೆ ನೋಡಿದರು. ನಾನು ಚಹಾದ ಲೋಟ ಹಿಡಿದು ನಿಂತಿದ್ದೆ. ಹೇಳಬೇಕೆಂದೇ ಬಂದಿದ್ದೆ, ಶಪಥ ಮಾಡಿ ಹೇಳುತ್ತೇನೆ, ಹೇಳಬೇಕೆಂದೇ ಬಂದಿದ್ದೆ...

"ನಾಕೇದಾರ ಎಲ್ಲಿ ಹೋದ?" ಎಂದರು.

"ಇಲ್ಲೇ ಅದಾನ್ರಿ ಬಾಯಿ, ಬರ್ತಾನ. ಈಗೀಗ ಜಗಳ ಬಿಟ್ಟಾನ್ರಿ. ಸುಧಾರಿಸ್ಯಾನ" ಎಂದೆ.

ಇಂಥ ಮಾತು ಭೂಮಿಯ ಮೇಲೆ ಯಾರಾದರೂ ಆಡಿರಬಹುದೇ. ನಾಯಿಯ ಬಾಲ ನೆಟ್ಟಗಾಯಿತು ಎಂದರೂ ನಂಬಬಹುದಿತ್ತು. ಬಾಯಿ ಎದ್ದು ಬಾಟಲಿ ಇಳಿಸಿದರು, ಬಿಸಿಲಿಗೆ ಹಿಡಿದು ನೋಡಿದರು. ಆಮೇಲೆ ರಬ್ಬರ್ ಬೂಚು ತೆಗೆದು ಮೂಗಿನ ಹತ್ತಿರ ಹಿಡಿದರು. ನಾನು ಬಾಟಲಿ ತಿಕ್ಕಿದ್ದೆ, ಬೂಚು ತಿಕ್ಕಿರಲಿಲ್ಲ. ರಬ್ಬರು ವಾಸನೆ ಬಿಡುವುದಿಲ್ಲ. ಅವರು ಕೇಳದೆಯೇ ನಾನು ಇನ್ನೊಂದು ಮಾತು ಸೇರಿಸಿದೆ, "ನಿಮ್ಮ ಪುಡಿನೇ ಹಾಕೀನ್ರಿ, ದಿನಾ."

ಅವರು ಬೂಚನ್ನು ಮತ್ತೆ ಹಾಕಿ ಬಾಟಲಿಯನ್ನು ಗಿಡಕ್ಕೆ ಕಟ್ಟಿದರು. "ಹೌದಾ? ಛಲೋ ಆಯ್ತು ಬಿಡ್ರಿ" ಎಂದರು. ಇಪ್ಪತ್ತು ವರ್ಷದಲ್ಲಿ ನನಗೆ ಮೊದಲ ಸಲ ಬಹುವಚನ ಹಚ್ಚಿದರು. ನಾನು ಚಹಾ ಕೊಟ್ಟೆ, ಅವರು ಕುಡಿದರು, ಲೋಟ ತಾವೇ ತೊಳೆದು ಕೊಟ್ಟರು.

ಅವತ್ತಿನಿಂದ ಸಿಸ್ಟರ್ ಬಾಯಿ ನನಗೆ ಬೈಯುವುದು ಬಿಟ್ಟರು. ನಾನು ಹಸಿ ತಲೆಯಲ್ಲಿ ನಿಂತರೂ ಬೈಯಲಿಲ್ಲ. ಮಗನಿಗೆ ಜ್ವರ ಬಂದಾಗ ಮೆಡಿಕಲ್ ಅಂಗಡಿಯ ಗುಳಿಗೆ ನಾನೇ ನುಂಗಿಸಿದೆ ಎಂದು ಗೊತ್ತಾದರೂ ಬೈಯಲಿಲ್ಲ. ಹಿಂದಿನ ಬಾಗಿಲಿನಿಂದ ಬರುವುದು ನಿಂತಿತು, ಬಂದರೆ ಮುಂದಿನ ಗೇಟಿನಲ್ಲಿ ನಿಂತು ಕೂಗುವರು. ನಾನು ಹೋದರೆ, "ಬರ್ರಿ, ಕೂಡ್ರಿ, ಛಾ ತಗೋಳ್ರಿ" ಎನ್ನುವರು, ಬೀಗರಿಗೆ ಕೊಡುವ ಕಪ್‌-ಬಸಿಯಲ್ಲಿ ಚಹಾ ಕೊಡುವರು, ಎದುರಿಗೆ ಕುಳಿತು ನನ್ನ ಮುಖವನ್ನೇ ನೋಡುವರು. ಆಪರೇಶನ್ ಆದ ಮೇಲೆ ಸಿಸ್ಟರ್ ಬಾಯಿ ಮೆತ್ತಗಾದರು ಎಂದಿತು ಓಣಿ. ಹಾಗಾದರೆ ಓಣಿಗೆ ಏಕೆ ಮೊದಲಿನಂತೆಯೇ ಬೈಯುತ್ತಿದ್ದರು? ಕೋಲಿನವರಿಗೆ ಬೈದರು, ಹಾಲಿನವನಿಗೆ ಬೈದರು, ಕೊನೆಗೆ ನಮ್ಮ ಮಾವನವರೊಂದಿಗೆ ಮಾತು ಶುರು ಮಾಡಿ ಅವರಿಗೂ ಬೈದರು. ನನಗೊಬ್ಬಳಿಗೇ ನಾಜೂಕು.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ಹಕ್ಕಿಗಾಗಿ ಮನುಷ್ಯರನ್ನು ಹೀಗೆ ಹೊರಗೆ ಹಾಕುವುದೇ? ಗೊತ್ತಾಗಿದ್ದರೆ ಕೇಳಲಿ, ಕೇಳಿದರೆ ಹೇಳುತ್ತೇನೆ, ನಾನಾಗಿ ಏಕೆ ಹೇಳಲಿ ಎಂದು ಹಟ ಹಿಡಿದೆ. ಹೋಗುವುದನ್ನು ಕಡಿಮೆ ಮಾಡಿದೆ, ಆಮೇಲೆ ಬಿಟ್ಟೇಬಿಟ್ಟೆ. ಹದಿನೈದು ದಿನಕ್ಕೆ ಹೊಸ ಗಂಡೊಂದು ಬಂದು ಬಾಟಲಿ ಹಿಡಿದಿತ್ತು, ಅದು ಕೂಡುವುದು ಗೇಟಿನ ಸರಳಿನ ಮೇಲೆ. ಬಾಯಿ ಅದಕ್ಕೆ ಹೆಸರಿಡಲಿಲ್ಲ. ದಿನಾ ಕುರ್ಚಿ ಹಾಕಿಕೊಂಡು ಕೂಡ್ರುವುದನ್ನು ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಅದು ರೆಕ್ಕೆ ಎತ್ತಿತೋ, ಅವರಿಗೆ ಆ ಪುಕ್ಕ ಕಂಡಿತೋ ಇಲ್ಲವೋ... ಕೇಳುವ ಬಾಯಿ ನನಗೆಲ್ಲಿತ್ತು.

ಎರಡನೇ ವರ್ಷದ ದೀಪಾವಳಿಯ ಮುಂದೆ ಅವರ ತಂಗಿಯ ಮಗಳು ಉಮರಗಾದಿಂದ ಬಂದು ಅವರನ್ನು ತಮ್ಮ ಮನೆಗೆ ಕರೆದುಕೊಂಡು ಹೋದಳು. ಟೆಂಪೋಕ್ಕೆ ಸಾಮಾನು ಏರಿಸುವಾಗ ಓಣಿಯೆಲ್ಲ ಹೊರಗಿತ್ತು. ನಮ್ಮ ಮಾವನವರೂ ಒಂದು ಟ್ರಂಕಿಗೆ ಕೈ ಹಚ್ಚಿದರು. ನಾನು ಒಳಗೆ ಕಡಬಿಗೆ ಹಿಟ್ಟು ನಾದುತ್ತಿದ್ದೇನೆ ಎಂದು ನೆಪ ಹೇಳಿ ಕಿಟಕಿಯ ಹಿಂದೆ ನಿಂತಿದ್ದೆ. ಬಾಯಿ ನಮ್ಮ ಗೇಟಿನ ಮುಂದೆ ಬಂದು ನಿಂತರು. ಕೂಗಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದು, ಹೋಗಿ ಟೆಂಪೋದಲ್ಲಿ ಡ್ರೈವರನ ಪಕ್ಕ ಕುಳಿತರು.

ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಬಂತು. ಉಮರಗಾಕ್ಕೆ ಹೋಗುವ ಹೊತ್ತಿಗೆ ಮಣ್ಣು ಆಗಿಹೋಗಿತ್ತು. ತಂಗಿಯ ಮಗಳು ನನ್ನನ್ನು ಗುರುತು ಹಿಡಿದು ಪಡಸಾಲೆಯಲ್ಲಿ ಕೂಡ್ರಿಸಿದಳು. ಬಂದವರೆಲ್ಲ ಹೋದ ಮೇಲೆ ಅವಳೇ ಆ ಮಾತು ತೆಗೆದಳು.

"ಮಾವಶಿ ನಿಮ್ಮನ್ನ ಭಾಳ ನೆನಸ್ತಿದ್ಲು ರೀ ವೈನಿ. ಬೂಚಿನ ವಾಸ್ನಿಗಿ ಆಕಿಗಿ ಅವತ್ತೇ ಎಲ್ಲಾ ತಿಳದಿತ್ತು. ಹಕ್ಕಿ ಸತ್ತದ್ದಕ್ಕ ಸಿಟ್ಟಿದ್ದಿಲ್ಲ, 'ನನ್ನ ಕೈಯಾಗೂ ಜೀವ ಹೋಗ್ಯಾವ, ಅದೇನು ಬೇಕಂತ ಮಾಡ್ಯಾಳೇನು' ಅಂತಿದ್ಲು. ಮತ್ತ ನೀ ಯಾಕ ಕೇಳಲಿಲ್ಲ ಅಂತ ನಾನೇ ಕೇಳೀನಿ. 'ನಾ ಕೇಳಿದ್ರ ಆಕಿ ಇನ್ನೊಂದು ಸುಳ್ಳು ಹೇಳಬೇಕಾಗ್ತದ. ತಾನಾ ಹೇಳ್ತಾಳ. ಹೇಳಿದ ದಿನ ಹಿಡದು ಬೈತೀನಿ ನೋಡು' ಅಂದ್ಲು. ಬಿಟ್ಟು ಬರೂ ದಿನಾನೂ ನಿಮ್ಮ ಗೇಟಿನ ಮುಂದ ನಿಂತಿದ್ಲು."

ಎಂಥ ಧಿಮಾಕಿನ ಹೆಂಗಸು! ಜಿಲ್ಲೆಗೆಲ್ಲ ಬೈದವರು, ನನಗೆ ಒಂದು ಬೈಗುಳ ಕೊಡಲು ನನ್ನ ಅಪ್ಪಣೆ ಕಾಯುತ್ತ ಕುಳಿತರಂತೆ. ನಾನೂ ಅಷ್ಟೇ, ಎರಡು ವರ್ಷ ನನ್ನ ತಂತಿಯ ಮೇಲೆ ಕುಳಿತು ನನ್ನ ಸುಳ್ಳನ್ನು ಕಾದೆ, ಅದರ ಹತ್ತಿರ ಅವರನ್ನೂ ಬಿಡಲಿಲ್ಲ. ಪಡಸಾಲೆಯಲ್ಲಿ ಕುಳಿತಲ್ಲೇ ಅವಳಿಗೆ ಎಲ್ಲ ಹೇಳಿದೆ. ಕಾಕಂಬಿ, ಘಂಟಾಗಾಡಿ, ಒಲೆಗೆ ಹಾಕಿದ ಕಾಗದ, ನಾನು ನೋಡಿದ ಆ ಕೇಸರಿ ಪುಕ್ಕ. ಅಳುತ್ತಿದ್ದೆ. ಅವಳು ನನ್ನ ಬೆನ್ನ ಮೇಲೆ ಕೈಯಾಡಿಸಿ, "ಹೋಗ್ಲಿ ಬಿಡ್ರಿ ವೈನಿ, ಒಂದು ಗುಬ್ಬಿ ಅಲ್ಲೇನು, ಎಷ್ಟಂತ ಮನಸಿಗಿ ಹಚ್ಚಿಕೋತೀರಿ" ಎಂದಳು. ಆ ಕೈಯನ್ನು ಕಿತ್ತೊಗೆಯಬೇಕೆನಿಸಿತು.

ಬಂದ ಮೇಲೆ ಮನೆಯವರಿಗೆ ಹೇಳಿದೆ. "ನೀ ಬೇಕಂತ ಮಾಡೀಯೇನು" ಎಂದರು. ಮಾವನವರಿಗೆ ಹೇಳಿದೆ, ಅವರು ಶಿವನಿಚ್ಛೆ ಎಂದರು. ಈಗ ನಮ್ಮ ಹಿತ್ತಲಲ್ಲಿ ನಾನೇ ಎರಡು ಬಾಟಲಿ ಕಟ್ಟಿದ್ದೇನೆ, ಒಂದಕ್ಕೆ ನಾಲ್ಕು, ಕುದಿಸಿ ಆರಿಸಿ, ದಿನಾ ಬದಲಿ. ಈ ವರ್ಷವೂ ಒಂದು ಗಂಡು ಬಂದು ಮುಂದಿನದನ್ನು ಹಿಡಿದುಕೊಂಡಿದೆ. ಬಾಯಿಯ ಮನೆ ಕೊಂಡವರು ಅಂಗಳಕ್ಕೆ ಫರಸಿ ಕಲ್ಲು ಹಾಕಿಸಿ ದಾಳಿಂಬೆ ಕಡಿದರು. ಇವತ್ತು ಮುಂಜಾನೆ ಆ ಮನೆಯ ಹೆಂಗಸು ಗೋಡೆಯ ಮೇಲಿಂದ ಬಗ್ಗಿ, ಇಷ್ಟು ಕಷ್ಟಪಟ್ಟು ಸಕ್ಕರೆ ಏಕೆ ಕುದಿಸುತ್ತೀರಿ, ಒಂದಿಷ್ಟು ಬೆಲ್ಲ ಹಾಕಿದರೆ ಆಗುವುದಿಲ್ಲವೇ ಎಂದು ಕೇಳಿದಳು. ಅವಳಿಗೂ ಮೊದಲಿನಿಂದ ಎಲ್ಲ ಹೇಳಿದೆ, ಒಂದನ್ನೂ ಬಿಡದೆ. "ಅಯ್ಯ, ತಿಳೀಲಾರ್ದ ಆಗ್ಯದ ಬಿಡ್ರಿ ವೈನಿ" ಎಂದಳು, ಕಣ್ಣಿನಲ್ಲಿ ನೀರು ತಂದುಕೊಂಡಳು. ಒಳ್ಳೆಯ ಹೆಂಗಸು. ನನಗೆ ಅವಳ ಮೇಲೂ ಸಿಟ್ಟು ಬಂತು. ಇಷ್ಟು ಮಂದಿಗೆ ಹೇಳಿದ್ದೇನೆ, ಒಬ್ಬರೂ ಬೈಯಲಿಲ್ಲ.